ಚಕ್ಕುಬಂದಿ

ರಾಜಾಜಿನಗರದ ಸಬ್ ರಿಜಿಸ್ಟ್ರಾರ್ ಕಚೇರಿಯೆದುರು
ಜೆರಾಕ್ಸ್ ಅಂಗಡಿಗೂ ಎಳನೀರಿನ ಗಾಡಿಗೂ ನಡುವೆ
ಮೂರಡಿ ಅಗಲದ ಜಾಗ ನನ್ನದು:
ಒಂದು ಕಂಪ್ಯೂಟರು, ಒಂದು ಸ್ಟೂಲು,
ಇಪ್ಪತ್ತೆರಡು ವರ್ಷದಿಂದ
ಬೇರೆಯವರ ಮನೆಗಳ ಅಳತೆ.

ಅಕ್ಕಯ್ಯಮ್ಮ ಬಂದಳು, ಬುಧವಾರ,
ರಾಹುಕಾಲ ಕಳೆಯಲೆಂದು ಕಾದು, ಒಂದೂವರೆಗೆ.
ಜೊತೆಗೆ ಅಕ್ಕನ ಮಗ ಸಿದ್ದಲಿಂಗು.
ಹೆತ್ತವಳು ಹೋದಮೇಲೆ ಸಾಕಿದ್ದು ಇವಳೇ.
ಲಗ್ಗೆರೆಯಲ್ಲಿ ಇಪ್ಪತ್ತು-ಮೂವತ್ತರ ಮನೆ,
ಊದುಬತ್ತಿ ಹೊಸೆದು, ಚೀಟಿ ಕಟ್ಟಿ ಕೊಂಡದ್ದು.
"ದಾನಪತ್ರ ಮಾಡಿಕೊಡಿ ಮೇಡಂ,
ಟೆಂಪೋಗೆ ಲೋನು ಬೇಕು,
ಮನೆ ನನ್ನ ಹೆಸರಲ್ಲಿ ಇರಬೇಕಂತೆ."
ಕೆಟ್ಟವನಲ್ಲ.
ನಿದ್ದೆಗೆಟ್ಟವನು.

ಹಳೆಯ ಕ್ರಯಪತ್ರ ಬಿಚ್ಚಿ ಚಕ್ಕುಬಂದಿ ಓದಿದೆ.
ಪೂರ್ವಕ್ಕೆ ಹನುಮಂತರಾಯಪ್ಪನ ಸ್ವತ್ತು.
"ಅವನು ಹೋಗಿ ಹನ್ನೊಂದು ವರ್ಷ. ಈಗ ಹುಡುಗಿಯರ ಪೀಜಿ."
ಪಶ್ಚಿಮಕ್ಕೆ ಓಣಿ.
"ಓಣಿಯೆಲ್ಲಿ ಬಂತು, ಮೂರು ಬೈಕು."
ಉತ್ತರಕ್ಕೆ ಖಾಲಿ ನಿವೇಶನ.
"ನಾಲ್ಕು ಅಂತಸ್ತು. ನನ್ನ ಬಿಸಿಲು ಅದರ ನೆತ್ತೀಲಿದೆ."
ದಕ್ಷಿಣಕ್ಕೆ ರಸ್ತೆ.
"ಅದು ಇದೆ. ಅಲ್ಲಿಂದಲೇ ತಾನೇ ಹೊರಡೋದು."

ಕಾಯಿದೆಯ ಲೆಕ್ಕದಲ್ಲಿ ಅಕ್ಕನ ಮಗ ಮಗನಲ್ಲ,
ಮುದ್ರಾಂಕ ಶುಲ್ಕ ಜಾಸ್ತಿ ಎಂದೆ.
ಯಾರಿಗೋ ಫೋನು ಹಚ್ಚಿ ಅವನು ಎಳನೀರಿನ ಕಡೆ ಸರಿದ.
ನಾನು ಸ್ಟೂಲನ್ನು ಹತ್ತಿರ ಎಳೆದೆ.

"ಅಮ್ಮಾ, ವಿಲ್ ಬರೆದರೆ ಮನೆ ಹೋಗೋದು ನಿಮ್ಮ ಹಿಂದೆ.
ದಾನ ಬರೆದರೆ ನಿಮ್ಮ ಕಣ್ಣೆದುರೇ.
ವಿಲ್ಲನ್ನು ಹರಿದು ಹಾಕಬಹುದು,
ಮನಸ್ಸು ತಿರುಗಿದಷ್ಟು ಸಲ ತಿರುಗಿ ಬರೆಯಬಹುದು.
ಕೊಟ್ಟೇ ಕೊಡ್ತೀನಿ ಅಂದರೆ
ಒಂದು ಸಾಲು ಸೇರಿಸೋಣ:
ಕೊನೆಯ ತನಕ ನೋಡಿಕೊಳ್ಳತಕ್ಕದ್ದು.
ನಾಳೆ ಅನ್ನ ತಪ್ಪಿದರೆ
ಎ.ಸಿ. ಆಫೀಸಿನಲ್ಲಿ ನಿಮ್ಮ ಮಾತಿಗೆ ನಿಲ್ಲೋಕೆ ಕಾಲಿರುತ್ತೆ.
ಆ ಸಾಲಿಲ್ಲದೆ ಬಂದು ಅತ್ತವರು
ಕೂತದ್ದೂ ಇದೇ ಸ್ಟೂಲಿನ ಮೇಲೆ."

ತುಂಬ ಹೊತ್ತು ಬೆರಳು ತಿಕ್ಕಿಕೊಂಡಳು,
ಕೈಯಲ್ಲಿ ಇಲ್ಲದ ಬತ್ತಿ ಹೊಸೆಯುವಂತೆ.
"ನೋಡಿಕೊಳ್ಳೋದು ಅಂದರೆ ಏನೇನು ಅಂತ
ಬಿಡಿಸಿ ಬರೀಬಹುದಾ?"

"ಹೇಳಿ."

"ನಾನು ಒಳಗಿರುವಾಗ ಬಚ್ಚಲ ದೀಪ ಆರಿಸಬಾರದು.
ಮೊಣಕಾಲಿನ ಮಾತ್ರೆ ಮುಗಿಯೋ ಮುಂಚೆ ತರಬೇಕು,
ಮುಗಿದು ನಾನು ಕೇಳಿದ ಮೇಲಲ್ಲ.
ನೆಂಟರು ಬಂದಾಗ ಟೀವಿ ಸಣ್ಣ ಮಾಡಲಿ,
ನನ್ನನ್ನಲ್ಲ.
ಬಾಗಿಲ ಬೀಗದ ಕೈ ಒಂದು
ನನ್ನ ಸೆರಗಲ್ಲೇ ಇರಲಿ."

ಅನ್ನ, ವಸ್ತ್ರ, ವಸತಿ, ವೈದ್ಯೋಪಚಾರ
ಎಂದು ಟೈಪು ಮಾಡಿದೆ.
ಬಚ್ಚಲ ದೀಪ ವಸತಿಯೊಳಗೆ ಹೇಗೋ ಅಡಗಿತು.
ಟೀವಿಗೆ ನನ್ನ ಭಾಷೆಯಲ್ಲಿ ಕಲಮು ಸಿಗಲಿಲ್ಲ.
ಬೀಗದ ಕೈಯನ್ನು ಮಾತ್ರ
ಹೆಸರು ಹಿಡಿದೇ ಬರೆದೆ.

ಸಿದ್ದಲಿಂಗು ಬಂದು ಓದಿದ. ಕಿವಿ ಕೆಂಪಾಯಿತು.
"ಚಿಕ್ಕಮ್ಮಾ, ನನ್ನ ಮೇಲೆ ನಂಬಿಕೆ ಇಲ್ವಾ?"
"ನಿನ್ನ ಮೇಲಿದೆ ಕಣೋ.
ನಿನ್ನ ಟೆಂಪೋ ಮೇಲಿಲ್ಲ."

ಸ್ಲಾಟು ಸಿಕ್ಕಿದ್ದು ಶುಕ್ರವಾರ.
ಒಳಗೆ, ಕ್ಯಾಮೆರಾ ಮುಂದೆ,
ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟಳು. ಬರಲಿಲ್ಲ.
ತೋರುಬೆರಳು, ನಡುಬೆರಳು, ಬರಲಿಲ್ಲ.
"ಒತ್ತಿ ಅಮ್ಮಾ, ಒತ್ತಿ," ಅಂದ ಆಪರೇಟರು ಹುಡುಗ.
"ಐವತ್ತು ವರ್ಷ ಹೊಸೆದದ್ದಪ್ಪ,
ನನ್ನ ಗೆರೆಯೆಲ್ಲ
ಊರವರ ದೇವರಮನೇಲಿ ಉರಿದುಹೋಯ್ತು."

ಸಿದ್ದಲಿಂಗು ಅವಳ ಕೈ ಹಿಡಿದ,
ತನ್ನ ಅಂಗಿಗೆ ಒರೆಸಿದ,
ಬಾಯಿಂದ ಊದಿದ, ಗಾಜಿಗೆ ಒತ್ತಿದ.
ಹಿಂದೆ ನಿಂತ ನನಗೆ
ನಾನೇ ಟೈಪು ಮಾಡಿದ್ದು ನೆನಪಾಯಿತು:
ಯಾರ ಒತ್ತಡಕ್ಕೂ ಒಳಗಾಗದೆ.

"ಬಿಡು," ಅಂದಳು. "ನಾನೇ ಒತ್ತುತೀನಿ."

ಕಿರುಬೆರಳು ಹತ್ತಿತು.
ಪರದೆಯ ಮೇಲೆ ನಾಲ್ಕು ಕಡೆ ನಾಲ್ಕು ಗೆರೆ,
ನಡುವೆ ಖಾಲಿ ನಿವೇಶನ.

ಮೆಟ್ಟಿಲಿಳಿಯುವಾಗ ಅವಳು ಅವನ ಭುಜ ಹಿಡಿದಿದ್ದಳು,
ಇನ್ನೊಂದು ಕೈಯಲ್ಲಿ
ಸೆರಗಿನ ಗಂಟು.