ಓಡಿಸಿ ನೋಡುವುದು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಲೋಹಿತನ ಅಂಗಡಿ.
"ನಿನ್ನೆ ರಾತ್ರಿ ತಾನೇ ಲೋಡ್ ಬಂತು ಸಾಬ್ರೇ, ಫ್ರೆಶ್ಶು" ಅಂದ.
ಅಲ್ಲೇ ಹಿಂದೆ ಸರಿಯಬೇಕಿತ್ತು ನಾನು.
ರಾತ್ರಿಯೆಲ್ಲ ಲಾರಿಯಲ್ಲಿ ಕುಲುಕಿದ ಗಡಿಯಾರ
ಬೆಳಿಗ್ಗೆ ಹೇಳುವ ಟೈಮನ್ನು ನಂಬುವವನಲ್ಲ.
ಆದರೆ ತಂಗಿಯ ಮಗಳು ಮಿಸ್ಬಾ
ಗಾಜಿಗೆ ಮೂಗೊತ್ತಿ ಮೂರಕ್ಕೂ ಹೆಸರಿಟ್ಟಾಗಿತ್ತು:
ಗುಲಾಬ್, ಕಾಜಲ್, ಶಕ್ಕರ್.

ಪೆನ್ಷನ್ ಮೊಹಲ್ಲಾದ ಮನೆ. ಹಾಲಿನಲ್ಲಿ ಗಾಜಿನ ತೊಟ್ಟಿ
ತಿಂಗಳಿಂದ ಬರಿದೇ ಗುಳುಗುಳು ಅನ್ನುತ್ತ ಕಾದಿದೆ.
ಅದಕ್ಕೆ ಬಿಡಲಿಲ್ಲ. ಬಚ್ಚಲ ಪಕ್ಕದ ನೀಲಿ ಟಬ್ಬು,
ಎರಡು ದಿನ ತೆರೆದಿಟ್ಟ ಹೇಮಾವತಿ ನೀರು,
ಬ್ಲೀಚಿಂಗ್ ವಾಸನೆ ಹೋಯಿತೋ ಅಂತ ಮೂಸಿ ಮೂಸಿ ನೋಡಿದ್ದು.
"ಜೈಲಾ, ಮಾಮೂ?"
ಅಲ್ಲಮ್ಮ. ರಿಪೇರಿಯಾದ ಗಡಿಯಾರವನ್ನೂ ನಾನು
ಅವತ್ತೇ ಕೊಡುವುದಿಲ್ಲ. ಗೋಡೆಗೆ ನೇತುಹಾಕಿ
ಓಡಿಸಿ ನೋಡುತ್ತೇನೆ. ಕೆಲವಕ್ಕೆ ಮೂರನೇ ದಿನ
ನೆನಪಾಗುತ್ತದೆ, ತಾನು ಕೆಟ್ಟಿದ್ದೆ ಅಂತ.
ಇವಕ್ಕೆ ಇಪ್ಪತ್ತೊಂದು ದಿನ.
ಅವಳು ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆದಳು.

ಕಣ್ಣಿಗೆ ಲೂಪು ಸಿಕ್ಕಿಸಿ ಸ್ಟೂಲಿನ ಮೇಲೆ ಕೂತೆ.
ಮೂವತ್ತೊಂದು ವರ್ಷ ಚಕ್ರದ ಹಲ್ಲು ಎಣಿಸಿದ ಕಣ್ಣು.
ಕಾಜಲ್‌ನ ಕಣ್ಣು ಉಬ್ಬಿದೆ. ಅದು ಅದರ ಜಾತಿಯದು, ಕಾಯಿಲೆಯದಲ್ಲ.
ಮೈಮೇಲಿನ ಪೊರೆ ಎದ್ದಿಲ್ಲ. ಬಾಲದ ಅಂಚು ಹರಿದಿಲ್ಲ.
ಮೂರೂ ತಿಂದವು, ಅದರಲ್ಲೂ ಶಕ್ಕರ್, ಎಲ್ಲರಿಗಿಂತ ಮುಂದೆ.
ಸ್ಟಾಪ್‌ವಾಚ್ ಒತ್ತಿ ಕಿವಿರಿನ ಬಡಿತ ಎಣಿಸಿದೆ:
ಎಪ್ಪತ್ತು, ಎಪ್ಪತ್ತೆರಡು, ಎಪ್ಪತ್ತು.
ರಿಪೇರಿ ಖಾತೆಯಲ್ಲೇ ಬರೆದೆ,
ಸಕಲೇಶಪುರದವರ ಕೀ ಕೊಡುವ ಎಚ್‌ಎಂಟಿಯ ಕೆಳಗೆ.

ಕಿವಿಗೆ ಹಿಡಿದರೆ ಗಡಿಯಾರ
ತನ್ನ ನೋವು ತಾನೇ ಹೇಳುತ್ತದೆ.
ಮೀನು ಹೇಳುವುದಿಲ್ಲ.
ಸೋತೆ ಅಂದವರನ್ನು ಮೊದಲು ತಿನ್ನುತ್ತಾರೆ,
ಅದು ಗೊತ್ತಿರುವ ಮನೆತನ.

ಐದನೇ ದಿನ ಗುಲಾಬ್‌ನ ಕೆನ್ನೆಯ ಮೇಲೆ
ಬಿಳಿ ಚುಕ್ಕಿ. ರವೆ ಉದುರಿದ ಹಾಗೆ.
ನನ್ನ ಕೈ ನಡುಗಿತು, ಹೇರ್‌ಸ್ಪ್ರಿಂಗ್ ಹಿಡಿದಾಗಲೂ ನಡುಗದ ಕೈ.
ಉಪ್ಪನ್ನು ಅಕ್ಕಸಾಲಿಯ ಹಾಗೆ ತೂಗಿ ಇಟ್ಟುಕೊಂಡು
ಲೋಹಿತನಿಗೆ ಫೋನು ಮಾಡಿದೆ.
"ರೆಕ್ಕೆ ಮೇಲಿದ್ಯಾ? ಬೆನ್ನ ಮೇಲೆ?"
ಇಲ್ಲ, ಬರೀ ಕಿವಿರಿನ ಮುಚ್ಚಳದ ಮೇಲೆ. ಸಾಲಾಗಿ.
"ರೋಗ ಅಲ್ಲ ಸಾಬ್ರೇ. ಗಂಡು. ಹರೆಯ ಬಂದಿದೆ."

ನಕ್ಕೆವು, ಮಿಸ್ಬಾಳ ಅಮ್ಮನೂ ಬಾಗಿಲಿಗೆ ಬಂದು ನಕ್ಕಳು.
ಹದಿನೇಳರಲ್ಲಿ ನನ್ನ ಮುಖ ಹೇಗಿತ್ತು ಅಂತ
ಅವಳು ಹೇಳಲು ಶುರುಮಾಡಿದಳು, ನಾನು ತಡೆಯಲಿಲ್ಲ.

ನಗುತ್ತಿದ್ದಾಗಲೇ ಕಂಡದ್ದು. ಶಕ್ಕರ್
ಟಬ್ಬಿನ ತಳಕ್ಕೆ ಮೈ ಉಜ್ಜಿ ಫಳಕ್ಕನೆ ತಿರುಗಿತು.
"ಆಟ ಆಡ್ತಿದೆ" ಅಂದಳು ಮಿಸ್ಬಾ.
ಇನ್ನೊಮ್ಮೆ ಉಜ್ಜಿತು. ಮೇಲಿನ ರೆಕ್ಕೆ
ಮಳೆ ನಿಂತ ಮೇಲಿನ ಕೊಡೆಯ ಹಾಗೆ ಮಡಚಿಕೊಂಡಿತ್ತು.
ಒಂದು ಚುಕ್ಕಿಯಿಲ್ಲ, ಗಾಯವಿಲ್ಲ, ಅಂಗಡಿಯಲ್ಲಿದ್ದಷ್ಟೇ ಚಂದ.
ತೊಂಬತ್ತಾರು.
ಸಂಜೆ ನೂರಾ ಹತ್ತು.

ಖಾತೆಯಲ್ಲಿ ಬರೆದೆ: ಫಾಸ್ಟ್ ಹೋಗುತ್ತಿದೆ.
ಫಾಸ್ಟ್ ಹೋಗುವ ಗಡಿಯಾರಕ್ಕೆ ಒಳಗೊಂದು ಸಣ್ಣ ಕಡ್ಡಿಯಿರುತ್ತದೆ,
ಕೂದಲೆಳೆಯಷ್ಟು ಆ ಕಡೆ ಸರಿಸಿದರೆ ಸಾಕು.
ನೀರು ಬದಲಿಸಿದೆ. ತೂಗಿಟ್ಟ ಉಪ್ಪು ಹಾಕಿದೆ.
ಲೋಹಿತ ಕೊಟ್ಟ ಔಷಧಿಯ ಹನಿ, ಶೀಟಿಯಲ್ಲಿದ್ದಷ್ಟೇ.
ಗಾಳಿಗುಳ್ಳೆಯ ಕೆಳಗೆ ನಿಂತು ಅದು
ಬಾಯಿ ಮೇಲಕ್ಕೆತ್ತಿ, ಏನೋ ವಿಳಾಸ ಕೇಳುವವರ ಹಾಗೆ.

ಒಂಬತ್ತನೆಯ ಬೆಳಿಗ್ಗೆ ನಾನೇ ಮೊದಲು ಎದ್ದೆ.

ದಾಸವಾಳದ ಕುಂಡಕ್ಕೆ ಹಾಕಿ ಮಣ್ಣು ಮುಚ್ಚಿ ಬಂದಾಗ
ಮಿಸ್ಬಾ ಕ್ಯಾಲೆಂಡರಿನ ಮುಂದೆ ನಿಂತಿದ್ದಳು.
ಅತ್ತಿರಲಿಲ್ಲ, ಅಥವಾ ಮುಖ ತೊಳೆದಿದ್ದಳು.
"ಇನ್ನು ಹನ್ನೆರಡು ದಿನ ಅಲ್ವಾ, ಮಾಮೂ?"
ಇಲ್ಲ. ಮತ್ತೆ ಒಂದರಿಂದ.
"ಅವೆರಡಕ್ಕೂ ಏನೂ ಆಗಿಲ್ಲ."
ಅದಕ್ಕೇ.

ಸ್ವಲ್ಪ ಹೊತ್ತು ನನ್ನನ್ನೇ ನೋಡಿ
ಸ್ಕೂಲ್ ಬ್ಯಾಗಿನಿಂದ ರಬ್ಬರು ತೆಗೆದಳು. ಕೆಂಪು ಇಂಕು ಅಳಿಯಲಿಲ್ಲ,
ಕಾಗದವೇ ತೂತಾಯಿತು.
ಆಮೇಲೆ ಸ್ಟೂಲು ಎಳೆದು, ನನ್ನ ಲೂಪು
ತನ್ನ ಪುಟ್ಟ ಕಣ್ಣಿಗೆ ಕೈಯಿಂದಲೇ ಒತ್ತಿ ಹಿಡಿದು
ಗುಲಾಬ್‌ನ ಮುಂದೆ ಕೂತಳು.
"ಒತ್ತು" ಅಂದಳು. ಒತ್ತಿದೆ.