ಕೆರೆ ಏರಿಯ ಮೇಲೆ ಹಡಗು

ಪುಸ್ತಕದಲ್ಲಿ ಟೈಟಾನಿಕ್ಕು ಬೆರಳುದ್ದವಿತ್ತು.
ಸಾಲದೆಂದು ಜಯಶೀಲಪ್ಪ ಮೇಷ್ಟ್ರು
ಬಸವನಹಳ್ಳಿ ಕೆರೆ ಏರಿಗೆ ಕರೆದೊಯ್ದರು.
"ಮೂತಿ ಇಲ್ಲಿ" ಎಂದು ಛತ್ರಿ ನೆಟ್ಟರು.
ಎಣಿಸುತ್ತ ನಡೆದೆವು.
ಆರುನೂರು ಹೆಜ್ಜೆ ಮುಗಿಯುವಷ್ಟರಲ್ಲಿ
ಛತ್ರಿ ಕಡ್ಡಿಯಾಗಿತ್ತು, ಮೇಷ್ಟ್ರ ಕೂಗು
ಗಾಳಿಯಲ್ಲಿ ಅರ್ಧಕ್ಕೇ ನಿಂತಿತ್ತು.

ಮುಬೀನಾ ಕೇಳಿದಳು: ಎಷ್ಟು ಆಳ ಸಾರ್?
ಅವರು ಮುಳ್ಳಯ್ಯನಗಿರಿಯತ್ತ ಕತ್ತೆತ್ತಿದರು.
ಅದರ ತಲೆ ಮೇಲೆ ಇನ್ನೊಂದು ಅಂಥದೇ ಇಟ್ಟರೆ
ತುದಿಯೊಂದು ಚೂರು ನೀರಿಂದ ಆಚೆ, ಎಂದರು.
ಗುಡ್ಡ ನೋಡುತ್ತಲೇ ನನಗೆ ಉಸಿರು ಕಟ್ಟಿತು.

ನಾವು ಅರವತ್ತಾರು ಮಕ್ಕಳು.
ಲೆಕ್ಕ ಹಾಕಿ ಇಪ್ಪತ್ತೊಂದು ತಲೆ ಮುಟ್ಟಿದರು:
"ನೀವು ದೋಣಿ."
ಉಳಿದವರು ಹುಲ್ಲಿನ ಮೇಲೆ ಕೂತೆವು.
ಮುಬೀನಾ ದೋಣಿ. ನಾನು ಹುಲ್ಲು.
ಅವಳ ಮುಷ್ಟಿಯ ಕಡಲೇಕಾಯಲ್ಲಿ
ನನ್ನ ಪಾಲು ಇನ್ನೂ ಇತ್ತು.

ಯಾರೂ ನಗಲಿಲ್ಲ. ನೀರುಕಾಗೆಯೊಂದು ಮುಳುಗಿತು,
ಎಲ್ಲಿ ಏಳುತ್ತದೋ ಎಂದು
ಎರಡೂ ಕಡೆಯವರು ಕಾದೆವು.

ಮರುದಿನ ಹಾಜರಿಯಲ್ಲಿ ಮೇಷ್ಟ್ರು
ಒಂದೊಂದು ಹೆಸರಿಗೂ ತಲೆಯೆತ್ತಿ ನೋಡಿದರು.
ಸೀಮೆಸುಣ್ಣ ತರಲು ಹೋಗಿದ್ದ ಕೆಂಚೇಶನ ಹೆಸರಿಗೆ
ಪೆನ್ನು ಎತ್ತಿ ಹಿಡಿದೇ ಕೂತಿದ್ದರು,
ಅವನು ಬಾಗಿಲಲ್ಲಿ ಏದುಸಿರು ಬಿಡುತ್ತ
"ಬಂದೆ ಸಾರ್" ಅನ್ನುವವರೆಗೂ.