ಮೊದಲು ಗೆರೆ

ಬೈತಖೋಲದ ಮಂಜುಗಡ್ಡೆ ಕಾರ್ಖಾನೆಯ ಮೇಲೆ
ನನ್ನ ಬಾಡಿಗೆ ಕೋಣೆ.
ಕೆಳಗೆ ಗಡ್ಡೆ ಪುಡಿಯಾಗುವಾಗ ಮೇಲೆ ಮೇಜು ನಡುಗುತ್ತದೆ,
ಕೀಬೋರ್ಡಿನ ಸಂದಿಗಳಲ್ಲಿ ಉಪ್ಪು.
ಇಲ್ಲಿ ಕೂತು ನಾನು ಕಟ್ಟುವುದು ಇಷ್ಟೇ:
ಯಾರೋ ಬರೆದ ಕರಾರನ್ನು
ಒಂದೊಂದೇ ಹೆಜ್ಜೆ ನಡೆಸಿ ನೋಡುವ ಒಂದು ಸಲಕರಣೆ.

ಕರಾರು ಅಂದರೆ ಛಾಪಾ ಕಾಗದವಲ್ಲ,
ಸಹಿಯಿಲ್ಲ, ಸಾಕ್ಷಿಗೆ ಕರೆದ ನೆಂಟರಿಲ್ಲ.
ಒಮ್ಮೆ ಚೈನಿಗೆ ಏರಿಸಿದರೆ
ಬರೆದವನೂ ಅದಕ್ಕೆ ಪರಕೀಯ.
ತಪ್ಪನ್ನೂ ಅದು
ತಪ್ಪದೆ ನಡೆಸುತ್ತದೆ.

ಆಶ್ವಿನದಲ್ಲಿ ಬಂತು
ಹದಿನೇಳು ದೋಣಿಗಳ ಸೊಸೈಟಿಯದೊಂದು:
ಮೀನಿನ ಹಣ ಪಾಲು ಮಾಡಬೇಕು,
ಕೇಳಿದವರಿಗೆ ಅವರದ್ದು ಕೊಡಬೇಕು.
ಮೂಲ ಬರಹ ಕಳೆದಿದೆ, ಬರೆದ ಹುಡುಗ ಫೋನೆತ್ತುವುದಿಲ್ಲ.
ಕೈಗೆ ಸಿಕ್ಕಿದ್ದು ಬರೀ ಬೈಟ್‌ಕೋಡ್
ಆರು ಸೊನ್ನೆ, ಎಂಟು ಸೊನ್ನೆ, ಆರು ಸೊನ್ನೆ, ನಾಲ್ಕು ಸೊನ್ನೆ…
ಬಹುಪಾಲು ಕರಾರು ಶುರುವಾಗುವುದೇ ಹೀಗೆ,
ನಮ್ಮ ಕಾಗದಗಳು ‘ಇತ್ತ ಕ್ಷೇಮ’ ಎಂದು ಶುರುವಾಗುತ್ತಿದ್ದ ಹಾಗೆ.

ಡಿಕಂಪೈಲರಿನದು
ತಟ್ಟೆಯಂಚಿನ ಮುಳ್ಳು ನೋಡಿ ಮೀನು ಹೇಳುವ ಕೆಲಸ.
ಇದು ಬಂಗಡೆ, ಇದು ಇಸವಾಣ, ಇದು ಗೊತ್ತಿಲ್ಲ.
ಹೆಸರುಗಳೆಲ್ಲ ಉದುರಿಹೋಗಿವೆ.
ಯಾರದೋ ಪಾಲು ಇದ್ದಲ್ಲಿ
ವೇರಿಯಬಲ್ ಮೂರು.

ಚೈನಿನ ನಕಲೊಂದನ್ನು ಮೇಜಿಗೆ ಇಳಿಸಿಕೊಂಡೆ,
ಇಲ್ಲಿ ಮುಳುಗಿಸಿದರೆ ಯಾರ ದೋಣಿಯೂ ಮುಳುಗದು.
ರಾತ್ರಿಯಿಡೀ ಫಝರ್ ಕಂಡಕಂಡ ಅಂಕಿ ಎಸೆಯಿತು:
ಸೊನ್ನೆ, ಒಂದು, ಸಮುದ್ರದಷ್ಟು.
ಪರೀಕ್ಷೆಗಳೆಲ್ಲ ಹಸಿರು.
ಮೂರರ ಹೊತ್ತಿಗೆ ಒಂದೇ ಒಂದು ಟ್ರೇಸ್
ಬಲಕ್ಕೆ ಜಾರತೊಡಗಿತು

ಕೊಡು
    ಕೊಡು
        ಕೊಡು
            ಕೊಡು

ಬೆಳಿಗ್ಗೆ ಏಣಿ ಹತ್ತಿ ಬಂದವಳು ಸುಗಂಧಾಬಾಯಿ ಬಾನಾವಳಿಕರ್,
ಧಕ್ಕೆಯಲ್ಲಿ ಹರಾಜು ಕೂಗುವವಳು,
ಸೊಂಟದಲ್ಲಿ ಸುಣ್ಣದ ಕಡ್ಡಿ.
ಮಂಜುಗಡ್ಡೆಯ ಬಾಕಿ ಕೊಡಲು ಬಂದು
ಕೆಳಗೆ ಯಾರೂ ಇಲ್ಲದೆ ಮೇಲೆ ಬಂದಿದ್ದಳು.
“ಎಂತ ಇದು, ಮೆಟ್ಟಿಲಾ?”

ಹೇಳಿದೆ: ಕೇಳಿದವರಿಗೆ ಹಣ ಕೊಡುತ್ತದೆ,
ಕೊಟ್ಟಾದ ಮೇಲೆ ಲೆಕ್ಕದಲ್ಲಿ ಕಳೆಯುತ್ತದೆ.

“ಕೊಟ್ಟಾದ ಮೇಲಾ?”
ನಕ್ಕಳು, ಎಲೆಯಡಿಕೆ ಕೆನ್ನೆ ಬದಲಿಸಿತು.
“ನಾ ಬರೆಯೂದ್ರೊಳಗೆ ಅದೇ ಕೈ
ಇನ್ನೊಂದು ಬುಟ್ಟಿ ಹಿಡಿದು ಬಂದ್ರೆ?
ಮೂರು ಬುಟ್ಟಿ ಬಂಗಡೆ ಹೋಯ್ತು ನಂದು ಒಂದು ವರ್ಷ,
ಒಯ್ದವಳು ನನ್ನ ನಾದಿನಿ.
ಮೊದಲು ಗೆರೆ.
ಆಮೇಲೆ ಮೀನು.”

ದಪ್ಪ ಪುಸ್ತಕಗಳಲ್ಲಿ ಇದಕ್ಕೊಂದು ಉದ್ದ ಹೆಸರಿದೆ.
ಅದನ್ನು ಹೇಳಲು ಬಾಯಿ ತೆರೆದವನು
ಮುಚ್ಚಿಕೊಂಡೆ.

ಆ ಬಾಗಿಲು ಇನ್ನೂ ಯಾರಿಗೂ ಹೊಳೆದಿರಲಿಲ್ಲ,
ಅಥವಾ ಹೊಳೆದವರು ದೊಡ್ಡ ಸುಗ್ಗಿಗೆ ಕಾಯುತ್ತಿದ್ದರು.
ತಿದ್ದುವ ಹಾಗಿಲ್ಲ, ಬಿಟ್ಟು ಹೊರಡಬೇಕು.
ಅದೇ ರಾತ್ರಿ ಹದಿನೇಳು ಮನೆಗೂ ಫೋನು:
ನಿಮ್ಮ ಪಾಲು ಈಗಲೇ ತೆಗೆಯಿರಿ, ಕಾರಣ ನಾಳೆ.
ದೇವಿದಾಸ ತಾಂಡೇಲ ಮಾತ್ರ ಕೂರ್ಮಗಡದಾಚೆ,
ಸಿಗ್ನಲ್ ಇಲ್ಲ.
ದೋಣಿ ದಡ ಮುಟ್ಟುವವರೆಗೆ
ಅವನ ಪಾಲು
ತೆರೆದ ಬಾಗಿಲ ಮನೆಯಲ್ಲಿ ಒಂಟಿಯಾಗಿ ಕೂತಿತ್ತು,
ದೀಪಸ್ತಂಭ ಸುತ್ತಿದಾಗಲೆಲ್ಲ ನಾನು ಬ್ಯಾಲೆನ್ಸ್ ನೋಡುತ್ತಿದ್ದೆ.

ಈಗ ನನ್ನ ಸಲಕರಣೆ ಎಚ್ಚರಿಸುವುದು ಅವಳ ಮಾತಿನಲ್ಲೇ:
ಮೊದಲು ಗೆರೆ, ಆಮೇಲೆ ಮೀನು.
ಯಾವುದೋ ದೇಶದವನೊಬ್ಬ ಬರೆದು ಕೇಳಿದ:
ಈ ದುಂಡು ದುಂಡನೆಯದು ಫಾಂಟಿನ ದೋಷವೇ?
ಅಲ್ಲ ಎಂದು ಬರೆದೆ. ಅರ್ಥವನ್ನೂ.
ಅವನ ಕರಾರಿನಲ್ಲೂ ಅದೇ ಮೆಟ್ಟಿಲಿತ್ತು.

ಹಳೆಯ ಕರಾರು ಅಲ್ಲೇ ಇದೆ, ಅಳಿಸುವವರಿಲ್ಲ.
ಹದಿನೇಳರಿಂದ ಭಾಗಿಸಿ ಉಳಿದ ಚೂರು,
ಬರೀ ಹನ್ನೊಂದು, ಪೈಸೆಯ ಪೈಸೆಯೂ ಅಲ್ಲ.
ಯಾರ ಹೆಸರಿಗೂ ಇಲ್ಲ, ಯಾರು ಕೇಳಿದರೂ ಬಾರದು.

ಧಕ್ಕೆಯಲ್ಲೂ ಪಾಲಾದ ಮೇಲೆ ನಾಲ್ಕು ತಾರಲೆ ಉಳಿಯುತ್ತವೆ.
ಸುಗಂಧಾಬಾಯಿ ಅದಕ್ಕೆ ಗೆರೆ ಎಳೆಯುವುದಿಲ್ಲ,
ಕಾಲಿನಿಂದ ಅತ್ತ ಸರಿಸುತ್ತಾಳೆ.
ಕಾಗೆಗಳಿಗೆ ಗೊತ್ತು.

ಅಲ್ಲಿ ಕಾಗೆಗಳಿಲ್ಲ.